ಹಳ್ಳಕ್ಕೆ ಅಡ್ಡ ಬಿದ್ದ ಮರ

"ಆಯ್ತು" ಎಂದು ಹೇಳಿ ಫೋನ್ ಇಟ್ಟ ಮೇಲೆ ಲೆಂಪಿ ಹಾರ್ಯುಗೆ ಕಾಫಿ ಬೇಡವಾಯಿತು. ಬೆಳಗಿನ ಏಳು ಗಂಟೆಗೆ ರಸ್ತೆ ಇಲಾಖೆಯ ವೆಂಡೆಲ್ ಫೋನ್ ಮಾಡಿದ್ದ. ಸೇತುವೆಗೆ ಸಿಕ್ಕಿಕೊಂಡ ಕಸ ತೆಗೆಯಲು ದೊಡ್ಡ ಯಂತ್ರ ಬಂದಿದೆ, ಮಧ್ಯಾಹ್ನಕ್ಕೆ ಆ ಕೆಲಸ ಮುಗಿಯುತ್ತದೆ, ನಾಲ್ಕಕ್ಕೆ ಅದು ಉತ್ತರಕ್ಕೆ ಹೊರಡಬೇಕು, ನಡುವೆ ನಿಮ್ಮ ಹಳ್ಳಕ್ಕೆ ಅಡ್ಡ ಬಿದ್ದ ಮರವನ್ನೂ ಎಳೆದು ಹಾಕಿಬಿಡುತ್ತೇವೆ, ನಿಮ್ಮದೊಂದು ಸಹಿ ಬೇಕು ಅಷ್ಟೆ ಎಂದಿದ್ದ. ಅವನ ಮಾತು ಮುಗಿಯುವ ಮೊದಲೇ ಅವಳ ಬಾಯಿ ಆಯ್ತು ಎಂದಿತ್ತು. ಅಷ್ಟಕ್ಕೇ ನಿಲ್ಲದೆ "ದೊಡ್ಡ ಉಪಕಾರ ಆಯ್ತಪ್ಪ" ಎಂದೂ ಸೇರಿಸಿತ್ತು. ಟೋಪಿ ಹಾಕಿದ ಗಂಡಸು ಏನಾದರೂ ಮಾಡಿಕೊಡುತ್ತೇನೆ ಎಂದರೆ ಉಪಕಾರ ಎನ್ನುವುದು ಈ ಬಾಯಿಗೆ ಯಾವಾಗ ಅಂಟಿಕೊಂಡಿತೋ. ಫೋನಿನಲ್ಲಿ ಟೋಪಿ ಕಾಣುವುದೂ ಇಲ್ಲ. ಅವಳು ಕಾಫಿಯನ್ನು ಸಿಂಕಿಗೆ ಚೆಲ್ಲಿ, ರಬ್ಬರ್ ಬೂಟು ಹಾಕಿಕೊಂಡು, ಯಂತ್ರ ಎಲ್ಲಿಂದ ಇಳಿಯಬಹುದು ಎಂದು ನೋಡಿಬರಲು ಹೊರಟಳು. ಒಪ್ಪಿಕೊಂಡ ಮೇಲೆ ಕೆಲಸ ಅಚ್ಚುಕಟ್ಟಾಗಿ ಆಗಬೇಕು. ಅದೂ ಅವಳ ರೋಗವೇ.

ಮೂರು ದಿನ ಹುಯ್ದ ಮಳೆ ಬೆಳಗಿನ ಜಾವ ನಿಂತಿತ್ತು. ಒರೆಗಾನ್ ಕರಾವಳಿಯಲ್ಲಿ ಡಿಸೆಂಬರಿನಲ್ಲಿ ಮಳೆ ಬರುವುದು ಸುದ್ದಿಯಲ್ಲ. ಈ ಸಲ ನೈಋತ್ಯದ ಗಾಳಿ ಮಳೆಯನ್ನು ತಳ್ಳುತ್ತಿದ್ದ ಹೊತ್ತಿಗೇ ಕಡಲು ವರ್ಷದಲ್ಲೇ ದೊಡ್ಡ ಉಬ್ಬರ ಎತ್ತಿ ಅಳಿವೆಯ ಬಾಯಿ ಮುಚ್ಚಿಬಿಟ್ಟಿತ್ತು. ಹಳ್ಳದ ನೀರಿಗೆ ಹೋಗಲು ದಾರಿಯಿಲ್ಲದೆ ಅದು ಹಿಂದಕ್ಕೆ ಬಂದು ಎಲ್ಲರ ಹುಲ್ಲುಗಾವಲಿನಲ್ಲೂ ಕೂತಿತು. ಮೊನ್ನೆ ರಾತ್ರಿ ದಡದ ಮೇಲಿದ್ದ ಸ್ಪ್ರೂಸ್ ಮರ, ಅವಳ ಅಜ್ಜ ಫಿನ್‌ಲ್ಯಾಂಡಿನಿಂದ ಬಂದಾಗಲೇ ದೊಡ್ಡದಾಗಿದ್ದ ಮರ, ಬೇರುಸಮೇತ ಮಗುಚಿತ್ತು. ಬಿದ್ದ ಸದ್ದು ಅವಳಿಗೆ ಹಾಸಿಗೆಯಲ್ಲಿ ಕೇಳಿಸಿರಲಿಲ್ಲ, ನೆಲದ ನಡುಕದಲ್ಲಿ ಗೊತ್ತಾಗಿತ್ತು. ಈಗ ಅದು ಈ ದಡದಿಂದ ಆ ದಡಕ್ಕೆ ಮಲಗಿದೆ. ಮೇಲಿಂದ ಬಂದ ಆಲ್ಡರ್ ಕೊಂಬೆ, ತೊಗಟೆ, ಯಾರದೋ ಕೋಳಿಗೂಡಿನ ಬಾಗಿಲು ಎಲ್ಲ ಅದಕ್ಕೆ ಆತುಕೊಂಡು ಗೋಡೆಯಾಗಿದೆ. ಗೋಡೆಗೆ ಮುಖ ಕೊಟ್ಟ ಹಳ್ಳ ಅರ್ಧಕ್ಕೆ ಅರ್ಧ ಪಕ್ಕಕ್ಕೆ ತಿರುಗಿ, ಬೇಲಿ ಕಿತ್ತು, ಕೆಳಗಿನ ಹುಲ್ಲುಗಾವಲಿನ ನಡುವೆ ತನಗೇ ಹೊಸ ದಾರಿ ಅಗೆದುಕೊಂಡಿದೆ. ಮುಳ್ಳುತಂತಿಯ ಮೇಲೆ ಒಣಹುಲ್ಲು ಬಟ್ಟೆ ಹರವಿದ ಹಾಗೆ ತೂಗುತ್ತಿತ್ತು. ಆರ್ನೆ ಬೆಳಗ್ಗೆಯೇ ತನ್ನ ಕಡಸುಗಳನ್ನು ಮೇಲಿನ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿದ್ದ. ಆರ್ನೆ ಅವಳ ಚಿಕ್ಕಪ್ಪನ ಮಗ. ಹುಲ್ಲುಗಾವಲು ಅವಳದು, ಮೇಯುವ ದನ ಅವನದು. ಇಪ್ಪತ್ತು ವರ್ಷದಿಂದ ಬಾಯಿಮಾತಿನಲ್ಲೇ ನಡೆದುಬಂದದ್ದು.

ಯಂತ್ರ ಕೊಟ್ಟಿಗೆಯ ಪಕ್ಕದಿಂದ ಇಳಿಯಬಹುದು ಎಂದುಕೊಂಡು ಅವಳು ನೀರಿಗೆ ಕಾಲಿಟ್ಟಳು. ಹುಲ್ಲುಗಾವಲಿನ ಅಂಚಿನಲ್ಲಿ ನೀರು ಮೊಣಕಾಲಿಗಿಂತ ಕೆಳಗೆ, ಅಲುಗಾಡದೆ ನಿಂತಿತ್ತು. ಹಳ್ಳದ ನಡುವಿನ ಕೆಸರುನೀರಿನ ಹಾಗಲ್ಲ, ಕೆಸರು ತಳಕ್ಕಿಳಿದು ತೆಳು ಚಹಾದ ಬಣ್ಣಕ್ಕೆ ಬಂದಿತ್ತು. ಅದರ ಕೆಳಗೆ ಹುಲ್ಲು ಬೇಸಿಗೆಯಲ್ಲಿ ಹೇಗಿತ್ತೋ ಹಾಗೇ, ಒಂದೇ ಕಡೆಗೆ ಬಾಚಿದ ಕೂದಲಿನಂತೆ ಮಲಗಿತ್ತು. ಹುಲ್ಲಿನ ನಡುವೆ ಏನೋ ಒಂದು ಎಳೆ ತಾನಾಗಿ ಅಲುಗಿತು. ಲೆಂಪಿ ನಿಂತಳು. ಬೆರಳುದ್ದದ ಮೀನು. ಅದರ ಪಕ್ಕದಲ್ಲಿ ಇನ್ನೊಂದು. ಕಣ್ಣು ಹೊಂದಿಕೊಂಡ ಮೇಲೆ ಅಲ್ಲಲ್ಲಿ, ಹುಲ್ಲಿನ ಒಂದೊಂದು ಗುಪ್ಪೆಯ ಹಿಂದೆ ಒಂದೊಂದು, ತಲೆ ನೀರು ಬರುವ ಕಡೆಗೆ ಮಾಡಿಕೊಂಡು, ಬಸ್ಸಿಗೆ ಕಾಯುವ ಮಕ್ಕಳ ಹಾಗೆ ನಿಂತಿದ್ದವು. ಮೈಮೇಲೆಲ್ಲ ಕಾಳುಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ. ಬಿದ್ದ ಮರದ ಬೇರಿನ ನೆರಳಿನಲ್ಲಿ ಗೇಣುದ್ದದ್ದು ಒಂದು ಮಗ್ಗುಲಾದಾಗ ಗಂಟಲ ಕೆಳಗೆ ಕುಂಕುಮದ ಗೀರು ಎರಡು ಕಂಡು ಮಾಯವಾಯಿತು. ಟ್ರೌಟ್. ಅಮ್ಮ ಇವನ್ನು ಸುಗ್ಗಿಮೀನು ಎನ್ನುತ್ತಿದ್ದಳು. ಹುಲ್ಲು ಕೊಯ್ದು ಮುಗಿದ ಮೇಲೆ, ಮೊದಲ ಮಳೆಯ ವಾಸನೆ ಹಿಡಿದು ಕಡಲಿನಿಂದ ಹಳ್ಳಕ್ಕೆ ಹತ್ತುವ ಮೀನು ಎಂದು. ಈ ಹುಲ್ಲುಗಾವಲಿನಲ್ಲಿ ಮೀನು ಕಂಡು ನಲವತ್ತೆರಡು ವರ್ಷವಾಗಿತ್ತು. ಲೆಂಪಿಗೆ ಮೊದಲು ಅನ್ನಿಸಿದ್ದು ಸಂತೋಷವಲ್ಲ, ಸಿಟ್ಟು. ಇವತ್ತೇ ಬರಬೇಕಿತ್ತೇ ನೀವು, ನಾನು ಆಯ್ತು ಅಂದ ದಿನವೇ?

ನಲವತ್ತೆರಡು ವರ್ಷದ ಹಿಂದೆ ಆಯ್ತು ಎಂದದ್ದೂ ಅದೇ ಅಡುಗೆಮನೆಯಲ್ಲಿ. ಮೀನು ಇಲಾಖೆಯ ಪ್ರಾಥರ್ ಎಂಬಾತ, ಹೊಸ ಟೋಪಿ, ಕೆಸರು ತಾಗದ ಬೂಟು, ಅಮ್ಮನ ಏಲಕ್ಕಿ ಬ್ರೆಡ್ಡಿನ ಮೂರನೇ ತುಂಡಿಗೆ ಬೆಣ್ಣೆ ಸವರುತ್ತ, ಹಳ್ಳದ ತುಂಬ ದಿಮ್ಮಿ ತುಂಬಿಕೊಂಡು ಮೀನಿಗೆ ಮೇಲೆ ಹತ್ತಲು ದಾರಿಯೇ ಇಲ್ಲ ನೋಡಿ, ದಾರಿ ಬಿಡಿಸಬೇಕು, ಗುಡಿಸಿದ ಅಂಗಳದ ಹಾಗೆ ಆಗಬೇಕು ಎಂದ. ಅಪ್ಪನ ಕೈಗೆ ಆಗ ಪಟ್ಟಿ ಕಟ್ಟಿತ್ತು. ಹಿಂಬದಿಗೆ ಉಕ್ಕಿನ ಹಗ್ಗ ಸುತ್ತುವ ವಿಂಚು ಇದ್ದ ಟ್ರ್ಯಾಕ್ಟರು ಇಡೀ ಕಣಿವೆಗೆ ಅವರದೊಂದೇ. ಅದನ್ನು ಯಾರು ಓಡಿಸುತ್ತಾರೆ ಎಂದು ಪ್ರಾಥರ್ ಕೇಳಿದಾಗ ಇಪ್ಪತ್ತು ವರ್ಷದ ಲೆಂಪಿ, ನಾನು, ಎಂದಳು. ಅವನು ನಕ್ಕ. ಆ ನಗುವಿಗೋಸ್ಕರವೇ ಅವಳು ಆ ಬೇಸಿಗೆಯೆಲ್ಲ ಒಂದು ದಿನವೂ ತಪ್ಪಿಸದೆ ದಿಮ್ಮಿ ಎಳೆದಳು. ಗಂಡಸರು ಕೊಕ್ಕೆ ಹಾಕಿ ಕೈ ಎತ್ತುತ್ತಿದ್ದರು, ಅವಳು ಎಳೆಯುತ್ತಿದ್ದಳು. ಹಲ್ಲು ಕಿತ್ತ ಹಾಗೆ ಒಂದೊಂದೇ ದಿಮ್ಮಿ ಹಳ್ಳದಿಂದ ಹೊರಬಂದಾಗ ಹಿಂದೆ ಹೊಂಡದಲ್ಲಿ ಕಪ್ಪು ನೀರು ಒಮ್ಮೆ ಕುದಿದು ಹರಿದುಹೋಗುತ್ತಿತ್ತು, ಎಲ್ಲರೂ ಸಿಳ್ಳೆ ಹಾಕುತ್ತಿದ್ದರು. ಕೊನೆಗೆ ಉಳಿದದ್ದು ಸೀಡರ್ ದಿಮ್ಮಿ. ಯಾವ ಕಾಲದಲ್ಲಿ ಬಿದ್ದದ್ದೋ, ಮೇಲೆ ಪಾಚಿ, ಪಾಚಿಯ ಮೇಲೆ ಗಿಡ, ಅದರ ಕೆಳಗೆ ಮಡು. ಆ ಮಡುವಿನ ಮೇಲೇ ಅಮ್ಮ ಹಾಲಿನ ಕ್ಯಾನು ತೊಳೆದ ಮೇಲೆ ಸಂಜೆ ಅರ್ಧ ಗಂಟೆ ಗಾಳ ಹಿಡಿದು ಕೂರುವುದು. ದಿನದಲ್ಲಿ ಅವಳು ಕೂತಿದ್ದನ್ನು ಲೆಂಪಿ ಕಂಡದ್ದು ಆ ಅರ್ಧ ಗಂಟೆ ಮಾತ್ರ.

"ಅದೊಂದನ್ನ ಬಿಡು" ಎಂದಿದ್ದಳು ಅಮ್ಮ, ಪ್ರಾಥರ್‌ಗೆ ಕೇಳಿಸದ ಹಾಗೆ.

"ಅಮ್ಮ, ಮೀನಿಗೆ ದಾರಿ ಬೇಡವಾ?"

"ದಾರಿಯಲ್ಲೇ ಯಾರೂ ಸಂಸಾರ ಮಾಡಲ್ಲ ಕಣೆ. ನೆರೆ ಬಂದಾಗ ಅವು ಓಡಿಹೋಗಲ್ಲ, ಪಕ್ಕಕ್ಕೆ ಸರೀತವೆ. ಸರಿಯೋಕೆ ಒಂದು ಮೂಲೆ ಬೇಕು."

ಓದಿದವನು ಹೇಳಿದ್ದು ಅಮ್ಮನಿಗೇನು ಗೊತ್ತು ಎಂದುಕೊಂಡು ಲೆಂಪಿ ಎಳೆದಳು. ಬಿಟ್ಟುಬರಲು ಆ ದಿಮ್ಮಿ ಅರ್ಧ ದಿನ ತೆಗೆದುಕೊಂಡಿತು. ಊರ ಸಂಘದವರು ಫೋಟೋ ತೆಗೆಸಿದರು.

"ನಿಂತ್ಕೊಂಡು ಏನು ಪ್ರಾರ್ಥನೆ ಮಾಡ್ತಿದೀಯ?" ಆರ್ನೆ ಮೇಲಿನಿಂದ ಕೂಗಿದ. ಕೈಯಲ್ಲಿ ಬೇಲಿ ತಂತಿಯ ಸುರುಳಿ. "ವೆಂಡೆಲ್ ಸೇತುವೆ ಹತ್ರ ಸಿಕ್ಕಿದ್ದ. ಒಪ್ಪಿದೀಯಂತೆ. ದೇವರು ನಿನಗೆ ಈ ವಯಸ್ಸಲ್ಲಾದರೂ ಬುದ್ಧಿ ಕೊಟ್ಟನಲ್ಲ."

"ಇಳಿದು ಬಾ, ಇಲ್ಲೊಂದು ತೋರಿಸ್ತೀನಿ."

"ನನಗೆ ಸಂಧಿವಾತ. ಅಲ್ಲಿಂದಲೇ ಹೇಳು."

"ಮೀನು."

ಆರ್ನೆ ಇಳಿದು ಬಂದ. ಬಗ್ಗಿ ನೋಡಿದ. ತುಸು ಹೊತ್ತು ಅವನ ಮುಖ ಹತ್ತು ವರ್ಷದ ಹುಡುಗನದಾಗಿತ್ತು. ಆಮೇಲೆ ಅರವತ್ತಾರರದ್ದು ತಿರುಗಿ ಬಂತು. "ಪಾಪ. ದಾರಿ ತಪ್ಪಿ ಬಂದವೆ. ಮರ ತೆಗೆದರೆ ನೀರಿಳಿಯುತ್ತೆ, ನೀರಿನ ಜೊತೆ ಅವೂ ಹೋಗ್ತವೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಹಳ್ಳಕ್ಕೆ."

"ಹಳ್ಳದಲ್ಲಿ ಏನಿದೆ ಆರ್ನೆ? ಬರೀ ಬಂಡೆ. ಮೇಲಿಂದ ಕೆಳಗಿನವರೆಗೂ ಕೊಳವೆ ಹಾಗೆ ಮಾಡಿಟ್ಟಿದೀವಿ. ಈ ನೆರೇಲಿ ಅಲ್ಲಿ ಬಿಟ್ಟರೆ ನಾವು ಒಂದು ಉಸಿರು ಎಳೆಯೋ ಮೊದಲೇ ಉಪ್ಪುನೀರಲ್ಲಿರ್ತವೆ. ಇಷ್ಟುದ್ದದ ಮರಿಗಳು."

"ಮಾಡಿಟ್ಟಿದೀವಿ ಅಲ್ಲ" ಎಂದ ಆರ್ನೆ, ತಂತಿಯ ಸುರುಳಿಯನ್ನು ಹೆಗಲು ಬದಲಿಸುತ್ತ. "ಮಾಡಿಟ್ಟಿದೀಯ."

ಈ ಮಾತನ್ನು ಅವನು ಹೋದ ತಿಂಗಳೂ ಆಡಿದ್ದ, ಸಂಘದ ಸಭಾಂಗಣದಲ್ಲಿ, ನಲವತ್ತು ಜನರೆದುರು. ಎಲ್ಲರೂ ಮನೆಯಿಂದ ಒಂದೊಂದು ಪಾತ್ರೆ ಅಡುಗೆ ತಂದು ಉಣ್ಣುವ ದಿನ. ಉಂಡಾದ ಮೇಲೆ ಯಾರೋ, ಮೀನು ಕಡಿಮೆಯಾದದ್ದಕ್ಕೆ ಕಡಲಿನ ಸೀಲ್ ಪ್ರಾಣಿಗಳೇ ಕಾರಣ ಎಂದರು, ಇನ್ನೊಬ್ಬರು ಬಲೆಯವರು ಎಂದರು, ಮೂರನೆಯವರು ಕಡಲೇ ಬಿಸಿಯಾಗಿದೆ ಎಂದರು. ಲೆಂಪಿ ಎದ್ದು ನಿಂತಳು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು ಸಭೆಯಲ್ಲಿ ಮಾತಾಡಿದವಳಲ್ಲ. ಸೀಲು ಬಲೆ ಎಲ್ಲ ಇರಲಿ, ಹಳ್ಳದ ದಿಮ್ಮಿ ತೆಗೆದವರು ನಾವು, ನೆರೆಗೆ ಎದುರು ನಿಲ್ಲೋಕೆ ಅವಕ್ಕೆ ಒಂದು ಮೂಲೆ ಉಳಿಸಲಿಲ್ಲ ಎಂದು ಹೇಳುವಷ್ಟರಲ್ಲಿ ಆರ್ನೆ ಹಿಂದಿನ ಸಾಲಿನಿಂದ, "ನಾವು ಅಂತ ನಮ್ಮನ್ನೆಲ್ಲ ಯಾಕೆ ಎಳೀತೀಯ? ಎಳೆದವಳು ನೀನೇ ಅಲ್ವಾ!" ಎಂದ. ಸಭೆಗೆ ಸಭೆಯೇ ನಕ್ಕಿತು. ಎಲ್ಲರ ಕಣ್ಣೂ ಅವಳ ತಲೆಯ ಮೇಲಿನ ಗೋಡೆಗೆ ಹೋಯಿತು. ಅಲ್ಲಿ ಚೌಕಟ್ಟಿನೊಳಗೆ ಇಪ್ಪತ್ತು ವರ್ಷದ ಲೆಂಪಿ, ಟ್ರ್ಯಾಕ್ಟರಿನ ಮೇಲೆ, ತಲೆಗೆ ಕಟ್ಟಿದ ವಸ್ತ್ರ, ಹಲ್ಲೆಲ್ಲ ತೋರಿಸಿಕೊಂಡು, ಹಿಂದೆ ಬಿದ್ದ ಪ್ರಾಣಿಯ ಹಾಗೆ ಸೀಡರ್ ದಿಮ್ಮಿ. 'ನಮ್ಮ ಹಳ್ಳಕ್ಕೆ ಹೊಸ ಬದುಕು' ಎಂದು ಕೆಳಗೆ ಬರೆದಿತ್ತು. ನಲವತ್ತೆರಡು ವರ್ಷ ಅವಳು ಅದಕ್ಕೆ ಬೆನ್ನು ಮಾಡಿ ಕೂತೇ ಆಲೂಗಡ್ಡೆ ತಿಂದಿದ್ದಳು. ಅಂದು ಅವಳೂ ನಕ್ಕಳು. ಎಲ್ಲರಿಗಿಂತ ಮುಂಚೆ ನಕ್ಕಳು, ಅದೇ ಈಗ ಕುಟುಕುತ್ತಿದ್ದದ್ದು. ಮನೆಗೆ ಬಂದು ಪಾತ್ರೆ ತೊಳೆಯುವಾಗ ಹೊಳೆಯಿತು: ಅವರು ನಕ್ಕದ್ದು ಅವಳು ಸುಳ್ಳು ಹೇಳಿದ್ದಕ್ಕಲ್ಲ, 'ನಾನು' ಎನ್ನಬೇಕಾದಲ್ಲಿ 'ನಾವು' ಎಂದದ್ದಕ್ಕೆ.

"ಹೌದು, ನಾನೇ" ಎಂದಳು ಈಗ. ನೀರಿನಲ್ಲಿ ನಿಂತು ಹೇಳಿದ್ದಕ್ಕೋ ಏನೋ, ಆ ಮಾತು ಸಭೆಯಲ್ಲಿ ಇದ್ದಷ್ಟು ಭಾರವಿರಲಿಲ್ಲ. "ಅದಕ್ಕೇ ಈ ಮರ ತೆಗೆಯೋಕೆ ಬಿಡಲ್ಲ."

ಆರ್ನೆ ಅವಳ ಮುಖ ನೋಡಿದ. "ಬೆಳಗ್ಗೆ ಆಯ್ತು ಅಂದಿದೀಯ."

"ಅಂದಿದೀನಿ."

"ನಮ್ಮ ಮನೇಲಿ ಮಾತು ಕೊಟ್ಟು ಹಿಂದೆ ತಗೊಂಡವರು ಯಾರಿದಾರೆ, ಹೇಳು ನೋಡೋಣ?"

"ಯಾರೂ ಇಲ್ಲ. ಅದರಿಂದಲೇ ಹಳ್ಳ ಹೀಗಾಗಿದ್ದು."

"ಈ ಹುಲ್ಲುಗಾವಲು ಹೋಗುತ್ತೆ ಲೆಂಪಿ! ಇನ್ನೆರಡು ನೆರೆ ಸಾಕು, ಇಲ್ಲೊಂದು ಹಳ್ಳ, ಅಲ್ಲೊಂದು ಹಳ್ಳ, ನಡುವೆ ಕೆಸರು. ನನ್ನ ಕಡಸು ಏನು ಮೇಯಬೇಕು, ನಿನ್ನ ಮೀನನ್ನಾ?"

ಇದು ನ್ಯಾಯದ ಮಾತು. ಲೆಂಪಿಗೆ ನ್ಯಾಯದ ಮಾತು ಕೇಳಿದರೆ ಕಾಲ ಕೆಳಗಿನ ನೆಲ ಮೆತ್ತಗಾಗುತ್ತದೆ. ಅವಳು ಗುಡ್ಡದ ಮೇಲೆ ಮನೆಯ ಹಿಂದಿನ ಜಾಗ ನೋಡಿದಳು. ಅಮ್ಮನ ಸೇಬಿನ ಮರಗಳು, ಈಗ ಮುಕ್ಕಾಲು ಪಾಲು ಟೊಳ್ಳು. ಆದರೂ ವಸಂತದಲ್ಲಿ ಹೂ ಬಿಟ್ಟಾಗ ಅಡುಗೆಮನೆ ಕಿಟಕಿಯಲ್ಲಿ ಅದೊಂದೇ ಕಾಣುವುದು. "ಸೇಬಿನ ತೋಟ ತಗೋ" ಎಂದಳು. "ಬೇಲಿ ನಾನೇ ಹಾಕಿಸಿಕೊಡ್ತೀನಿ. ಮರದ ನೆರಳಲ್ಲಿ ಹುಲ್ಲು ಚೆನ್ನಾಗೇ ಬರುತ್ತೆ. ಇದರ ಅರ್ಧ ಇದೆ ಅಷ್ಟೆ, ಗೊತ್ತು. ಅರ್ಧ ಕಡಸು ಮಾರು."

ಆರ್ನೆ ಗುಡ್ಡದ ಕಡೆ ತಿರುಗಿ ನೋಡಿದ. ಆ ತೋಟಕ್ಕೆ ಅವಳು ಕೋಳಿಯನ್ನೂ ಬಿಡುತ್ತಿರಲಿಲ್ಲ. "ನಿನಗೆ ತಲೆ ಕೆಟ್ಟಿದೆ" ಎಂದು ಮೆತ್ತಗೆ ಹೇಳಿ, ತಂತಿಯ ಸುರುಳಿಯನ್ನು ಕಂಬಕ್ಕೆ ಸಿಕ್ಕಿಸಿ ಹೊರಟುಹೋದ.

ಎರಡು ಗಂಟೆಗೆ ವೆಂಡೆಲ್ ಬಂದ. ಹಿಂದೆ ರಸ್ತೆಯ ಮೇಲೆ ಹಳದಿ ಯಂತ್ರ, ಕತ್ತು ಮಡಿಸಿಕೊಂಡ ಕೊಕ್ಕರೆಯ ಹಾಗೆ. ವೆಂಡೆಲ್ ನಲವತ್ತು ದಾಟಿದವನು. ಶಾಲೆಯಲ್ಲಿ ಅವಳ ಕೈಯಿಂದ ಎರಡೆರಡು ಸಲ ಬಡಿಸಿಕೊಂಡು ತಿಂದು ಬೆಳೆದವನು, ಇನ್ನೂ ಅವಳನ್ನು ಮಿಸ್ ಎಂದೇ ಕರೆಯುತ್ತಾನೆ. ಸಿಹಿ ಬ್ರೆಡ್ಡು ಉಳಿದ ದಿನ ಅವನ ಜೇಬಿಗೆ ತುರುಕಿ ಕಳಿಸಿದ್ದಳು, ಮನೆಯಲ್ಲಿ ತಿನ್ನಲು ಇರುತ್ತಿರಲಿಲ್ಲ. ಅವನಿಗೆ ಇಲ್ಲ ಎನ್ನುವುದು ಪ್ರಾಥರ್‌ಗೆ ಇಲ್ಲ ಎನ್ನುವುದಕ್ಕಿಂತ ಕಷ್ಟ. ಪ್ರಾಥರ್ ಕೇಳಿದಾಗ ಅವಳಿಗೆ ಇಲ್ಲ ಎನ್ನಬಹುದು ಎಂಬುದೇ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಪ್ರಾಥರ್ ಕೆಟ್ಟವನಲ್ಲ. ಆಮೇಲೆ ಹತ್ತು ವರ್ಷದ ಮೇಲೆ ಒಮ್ಮೆ ಪೇಟೆಯಲ್ಲಿ ಸಿಕ್ಕಾಗ, ಈಗ ನಾವೇ ಬೇರೆ ಹಳ್ಳಗಳಿಗೆ ದಿಮ್ಮಿ ತಂದು ಹಾಕುತ್ತಿದ್ದೇವೆ, ಆಗ ಯಾರಿಗೂ ಗೊತ್ತಿರಲಿಲ್ಲ ನೋಡಿ, ಎಂದು ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ ಹೇಳಿ ನಕ್ಕಿದ್ದ. ಯಾರಿಗೂ ಗೊತ್ತಿರಲಿಲ್ಲವೇ? ದಿಮ್ಮಿ ತೆಗೆದ ವರ್ಷದ ಚಳಿಗಾಲದಲ್ಲಿ ಒಂದೇ ನೆರೆ ಬಂತು. ಹಳ್ಳ ಕಲ್ಲು ಜಲ್ಲಿಯನ್ನೆಲ್ಲ, ಅದರೊಳಗೆ ಹುಗಿದಿಟ್ಟ ಮೊಟ್ಟೆಯ ಸಮೇತ, ಒಂದೇ ರಾತ್ರಿಯಲ್ಲಿ ಗುಡಿಸಿ ಕಡಲಿಗೆ ಹಾಕಿ ಬಂಡೆ ತೋರಿಸಿತು. ಮಾರನೇ ವರ್ಷದ ಮೊದಲ ಮಳೆಗೆ ಅಮ್ಮ ಗಾಳ ಹಿಡಿದು ಮೂರು ಸಂಜೆ ಹೋಗಿ ಬರಿಗೈಲಿ ಬಂದಳು. ನಾಲ್ಕನೇ ಸಂಜೆ ಗಾಳದ ಕೋಲನ್ನು ಕೊಟ್ಟಿಗೆಯ ಗೋಡೆಗೆ ತೂಗುಹಾಕಿ, ಹಾಲಿನ ಕ್ಯಾನನ್ನು ಎರಡನೇ ಸಲ ತೊಳೆದಳು. ಏನೂ ಅನ್ನಲಿಲ್ಲ. ಸಾಯುವವರೆಗೂ ಅನ್ನಲಿಲ್ಲ. ಒಮ್ಮೆ ಬೈದಿದ್ದರೆ ಲೆಂಪಿ ಎದುರು ಮಾತಾಡಿ ಹಗುರಾಗುತ್ತಿದ್ದಳು.

"ಇಲ್ಲೊಂದು ಸಹಿ, ಮಿಸ್" ಎಂದ ವೆಂಡೆಲ್, ಹಲಗೆಗೆ ಸಿಕ್ಕಿಸಿದ ಕಾಗದ ಮುಂದೆ ಹಿಡಿದು.

"ಮಾಡಲ್ಲ."

"ಪೆನ್ನು ಬರ್ತಿಲ್ವಾ? ಇನ್ನೊಂದಿದೆ."

"ಪೆನ್ನು ಸರಿಯಾಗೇ ಇದೆ. ಮರ ಅಲ್ಲೇ ಇರಲಿ."

ವೆಂಡೆಲ್ ಟೋಪಿ ತೆಗೆದು ತಲೆ ಕೆರೆದ. "ಬೆಳಗ್ಗೆ ನೀವು..."

"ಬೆಳಗ್ಗೆ ಹೇಳಿದ್ದು ತಪ್ಪಾಯ್ತು. ನಿನ್ನನ್ನ ಇಲ್ಲಿವರೆಗೆ ಕರೆಸಿದ್ದಕ್ಕೆ ಬೇಜಾರಿದೆ. ಮರ ಬಿಡಲ್ಲ ಅನ್ನೋದಕ್ಕೆ ಬೇಜಾರಿಲ್ಲ."

"ಮಿಸ್, ನಿಮ್ಮ ಹುಲ್ಲುಗಾವಲು ಹೋದರೆ ನಿಮ್ಮದು, ನಾನು ಕೇಳಲ್ಲ. ಸೇತುವೆ ನಂದು." ಅವನು ಕೆಳಗಿನ ತಿರುವಿನ ಕಡೆ ಕೈ ತೋರಿಸಿದ. "ಮುಂದಿನ ನೆರೇಲಿ ಈ ಮರ ಬಿಚ್ಕೊಂಡು ಹೋಗಿ ಅದಕ್ಕೆ ಗುದ್ದಿದರೆ? ಆ ಕಡೆ ಹತ್ತು ಮನೆ ಇದೆ. ಯಾರಿಗಾದರೂ ಎದೆನೋವು ಬಂದರೆ ಗಾಡಿ ಹೇಗೆ ಬರುತ್ತೆ? ಆಗ ನೀವು ಅವರ ಮನೆಗೆ ಹೋಗಿ ಮೀನಿತ್ತು ಅಂತ ಹೇಳ್ತೀರಾ?"

ಕೆಳಗೆ ನೀರು ಮರಕ್ಕೆ ಉಜ್ಜುತ್ತ ಗೊಣಗುತ್ತಿತ್ತು. ಬೆಳಗಿನಿಂದ ಅವಳು ಮೀನಿನ ಪರವಾಗಿ ಏನೇನೋ ಮಾತು ಜೋಡಿಸಿಟ್ಟುಕೊಂಡಿದ್ದಳು, ಸೇತುವೆಯೊಂದು ಅದರಲ್ಲಿ ಇರಲೇ ಇಲ್ಲ. ನಾಚಿಕೆಯಾಯಿತು. ನಲವತ್ತೆರಡು ವರ್ಷದ ಹಿಂದೆ ಒಂದನ್ನೇ ನೋಡಿ ಇನ್ನೊಂದನ್ನು ಬಿಟ್ಟವಳು ಇವತ್ತೂ ಅದನ್ನೇ ಮಾಡಿದ್ದಳು. ಕಣ್ಣು ತಪ್ಪಿಸಲು ಕೊಟ್ಟಿಗೆಯ ಕಡೆ ನೋಡಿದಳು. ಒರಗಿದ ಬಾಗಿಲ ಸಂದಿಯಲ್ಲಿ ಅಪ್ಪನ ಟ್ರ್ಯಾಕ್ಟರಿನ ಮೂತಿ ಕಾಣುತ್ತಿತ್ತು.

"ಬಿಚ್ಕೊಂಡು ಹೋಗಲ್ಲ" ಎಂದಳು ನಿಧಾನವಾಗಿ. "ಕಟ್ತೀನಿ."

"ಏನು?"

"ಉಕ್ಕಿನ ಹಗ್ಗ ಹಾಕಿ ಕಟ್ತೀನಿ. ದಡದ ಮೇಲೆ ಹಳೇ ಸೀಡರ್ ಬುಡ ಇದೆ ನೋಡು, ನಮ್ಮಜ್ಜ ಕಡಿದದ್ದು, ನಿನ್ನ ಯಂತ್ರವೂ ಅದನ್ನ ಅಲ್ಲಾಡಿಸಲ್ಲ. ನೀನು ಉತ್ತರಕ್ಕೆ ಹೊರಡೋ ಮೊದಲು ನಾಲ್ಕಕ್ಕೆ ಬಾ. ಬಂದು ನಿನ್ನ ಯಂತ್ರದಿಂದಲೇ ಎಳೆದು ನೋಡು. ಬಂತು ಅಂದರೆ ತಗೊಂಡು ಹೋಗು, ನಾನು ಬಾಯಿ ಬಿಡಲ್ಲ."

"ನೀವೊಬ್ಬರೇ?"

"ಯಾಕೆ, ಟ್ರ್ಯಾಕ್ಟರು ಯಾರು ಓಡಿಸ್ತಾರೆ ಅಂತ ಕೇಳ್ತಿದೀಯಾ?"

ವೆಂಡೆಲ್ ನಗಲಿಲ್ಲ. ಟೋಪಿ ಹಾಕಿಕೊಂಡು ಗಡಿಯಾರ ನೋಡಿದ. "ನಾಲ್ಕಕ್ಕೆ. ಸರಿಯಾಗಿ ಎಳೀತೀನಿ ಮಿಸ್. ನಿಮ್ಮ ಮುಖ ನೋಡಿ ಮೆತ್ತಗೆ ಎಳೆಯಲ್ಲ."

"ಮೆತ್ತಗೆ ಎಳೆದರೆ ಬೈತೀನಿ."

ಟ್ರ್ಯಾಕ್ಟರು ಮೂರನೇ ಸಲಕ್ಕೆ ಹೊಗೆ ಉಗುಳಿ ಎದ್ದಿತು. ಅದರ ನಡುಕ ಸೀಟಿನಿಂದ ಬೆನ್ನಿಗೆ ಹತ್ತಿದಾಗ ಲೆಂಪಿಗೆ ಗೊತ್ತಾಯಿತು, ಆ ಬೇಸಿಗೆಯ ಖುಷಿ ಇನ್ನೂ ಬೆನ್ನುಮೂಳೆಯಲ್ಲಿತ್ತು, ಹೋಗಿರಲೇ ಇಲ್ಲ. ಅದನ್ನೇ ಅವಳು ಯಾರಿಗೂ ಹೇಳಿರಲಿಲ್ಲ. ತಪ್ಪು ಮಾಡಿದೆ ಎಂದು ಹೇಳಬಹುದು. ಮಾಡುವಾಗ ಎಷ್ಟು ಚೆನ್ನಾಗಿತ್ತು ಎಂದು ಹೇಳುವುದು ಹೇಗೆ. ಅಮ್ಮ ದಡದ ಮೇಲೆ ನಿಂತು ನೋಡುತ್ತಿದ್ದಾಗ ಅವಳಿಗೆ ಸಿಳ್ಳೆ ಮಾತ್ರ ಕೇಳಿಸುತ್ತಿತ್ತು. ಬುಡದ ಹತ್ತಿರ ಟ್ರ್ಯಾಕ್ಟರು ನಿಲ್ಲಿಸಿ, ವಿಂಚಿನ ಹಗ್ಗ ಬಿಡಿಸಿ ಹೆಗಲಿಗೆ ಹಾಕಿಕೊಂಡು ನೀರಿಗಿಳಿದಳು. ನೀರು ತೊಡೆಗೆ ಬಂತು, ಬೂಟಿನೊಳಗೆ ಇಳಿಯಿತು. ಮರದ ಸೊಂಟಕ್ಕೆ ಹಗ್ಗ ಎರಡು ಸುತ್ತು ಹಾಕಿ, ತುದಿಗೆ ಬಿಗಿಪಟ್ಟಿ ಹಾಕಿ ತಿರುಪು ಬಿಗಿದಳು. ಕೈ ಮರೆತಿರಲಿಲ್ಲ. ಇನ್ನು ವಿಂಚು ಎಳೆದು ಹಗ್ಗ ತಂತಿಯ ಹಾಗೆ ಬಿಗಿಯಬೇಕು, ಬಿಗಿದಿರುವಾಗಲೇ ಬುಡಕ್ಕೆ ಸುತ್ತಿ ಉಳಿದ ಪಟ್ಟಿ ಹಾಕಬೇಕು. ಬುಡದ ಹತ್ತಿರ ಬಂದು ನಿಂತಾಗ ಗೊತ್ತಾಯಿತು, ಈ ವಿಂಚಿನ ಬಿಗಿ ನಿಲ್ಲುವುದಿಲ್ಲ, ಹಲ್ಲು ಸವೆದಿದೆ, ಸನ್ನೆಕೋಲನ್ನು ಯಾರಾದರೂ ಹಿಡಿದೇ ಇರಬೇಕು. ಆಗಲೂ ಹಿಡಿಯುತ್ತಿದ್ದದ್ದು ಅವಳು, ಬಿಗಿಯುತ್ತಿದ್ದದ್ದು ಬೇರೆಯವರು. ಇದು ಎರಡು ಆಳಿನ ಕೆಲಸ. ಅವಳು ಒಂದು ಸಲ ಒಬ್ಬಳೇ ಯತ್ನಿಸಿದಳು: ಸನ್ನೆಕೋಲಿಗೆ ಕಲ್ಲು ಕಟ್ಟಿ ಬುಡದ ಕಡೆ ಓಡಿದಳು, ಕಲ್ಲು ಜಾರಿತು, ಹಗ್ಗ ಸಡಿಲಾಗಿ ಹುಲ್ಲಿನ ಮೇಲೆ ಹಾವಿನ ಹಾಗೆ ಹೊರಳಿತು. ಮೂರು ಗಂಟೆ ದಾಟಿತ್ತು. ಎರಡನೇ ಸಲಕ್ಕೆ ಜಾರಿ ಕೆಸರಿನಲ್ಲಿ ಕೂತಳು.

"ಹಾಗೆ ಬಿಟ್ಟರೆ ಟ್ರ್ಯಾಕ್ಟರೇ ಹಳ್ಳಕ್ಕೆ ಹೋಗುತ್ತೆ" ಎಂದಿತು ಒಂದು ದನಿ. ಆರ್ನೆ ಬೇಲಿಯ ಆಚೆ ನಿಂತಿದ್ದ, ಎಷ್ಟು ಹೊತ್ತಿನಿಂದಲೋ.

"ಹೋಗಲಿ. ಅದಕ್ಕೂ ಮೀನು ಆತ್ಕೊಂಡು ನಿಲ್ತವೆ."

ಆರ್ನೆ ಬೇಲಿ ದಾಟಿ ಬಂದು, ನರಳುತ್ತ ಸೀಟಿಗೆ ಹತ್ತಿ, ಸನ್ನೆಕೋಲು ಹಿಡಿದ. "ನಾನು ನಿನಗೆ ಸಹಾಯ ಮಾಡ್ತಿಲ್ಲ, ತಿಳ್ಕೊ. ದೊಡ್ಡಪ್ಪನ ಟ್ರ್ಯಾಕ್ಟರು ಮುಳುಗಬಾರದು ಅಂತ ಅಷ್ಟೆ."

"ತಿಳ್ಕೊಂಡೆ. ಎಳಿ."

"ಮಾರೋಕೆ ಹೋದರೆ ಈಗ ಕಡಸಿಗೆ ಬೆಲೆ ಇಲ್ಲ, ಅದೂ ಗೊತ್ತಿರಲಿ."

"ಬಾಯಿ ಮುಚ್ಚಿ ಎಳಿ ಆರ್ನೆ!"

ಹಗ್ಗ ನೀರಿನಿಂದ ಎದ್ದು, ಹನಿ ಸಿಡಿಸಿ, ಬಿಗಿಯಿತು. ಮರ ಒಂದು ಸಲ ನರಳಿ, ದಡಕ್ಕೆ ಇನ್ನಷ್ಟು ಒತ್ತಿಕೊಂಡು ಕೂತಿತು. ಅವಳು ಬುಡವನ್ನು ಅಪ್ಪಿಕೊಂಡೇ ಹಗ್ಗ ಸುತ್ತಿದಳು, ಪಟ್ಟಿ ಹಾಕಿದಳು, ಸ್ಪ್ಯಾನರಿಗೆ ಮೈಭಾರವೆಲ್ಲ ಬಿಟ್ಟು ತಿರುಗಿಸಿದಳು. ಕೈ ಸುಲಿದು ರಕ್ತ ಬಂತು. ಬಿಡು ಎಂದು ಕೈ ಎತ್ತಿದಳು. ಕೈ ಎತ್ತುವ ಜಾಗದಲ್ಲಿ ಅವಳು ಎಂದೂ ನಿಂತಿರಲಿಲ್ಲ. ಆರ್ನೆ ಸನ್ನೆಕೋಲು ಬಿಟ್ಟ. ಹಗ್ಗ ಸಡಿಲಾಗಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ವೆಂಡೆಲ್ ಯಂತ್ರ ಇಳಿಸಿ, ಹೇಳಿದ ಹಾಗೇ ಮೆತ್ತಗಲ್ಲದೆ ಎಳೆದ. ಯಂತ್ರದ ಹಿಂಭಾಗ ನೆಲ ಬಿಟ್ಟು ಎದ್ದಿತು. ಮರ ಅಲುಗಿತು, ಹಗ್ಗ ಹಾಡಿತು. ಲೆಂಪಿ ಕಣ್ಣು ಮುಚ್ಚಲಿಲ್ಲ. ಮರ ಇದ್ದಲ್ಲೇ ಇತ್ತು. ಅವನು ಇನ್ನೊಂದು ಸಲ ಎಳೆದ. ಆಮೇಲೆ ಎಂಜಿನ್ ತಗ್ಗಿಸಿ ಕೆಳಗಿಳಿದು, ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಹಲಗೆ ತೆಗೆದ.

"ಒಡೆಯರು ಒಪ್ಪಲಿಲ್ಲ ಅಂತ ಬರೀಬೇಕು, ಮಿಸ್. ಕಾರಣ ಅಂತ ಒಂದು ಸಾಲಿದೆ. ಏನು ಬರೀಲಿ?"

"ಸಂಘದ ಸಭಾಂಗಣದ ಗೋಡೆ ಮೇಲೆ ಒಂದು ಫೋಟೋ ಇದೆ ಅಂತ ಬರಿ. ಬೇಕಾದವರು ಹೋಗಿ ನೋಡ್ಕೊಳ್ಳಲಿ."

ವೆಂಡೆಲ್ ಅವಳನ್ನೂ ಆರ್ನೆಯನ್ನೂ ನೋಡಿದ. ಬಗ್ಗಿ, ನಿಧಾನವಾಗಿ, ಶಾಲೆಯ ಹುಡುಗನ ಹಾಗೆ ತುಟಿ ಅಲುಗಿಸುತ್ತ ಅದನ್ನೇ ಬರೆದುಕೊಂಡ. "ಚಳಿಗಾಲವೆಲ್ಲ ಪ್ರತಿ ನೆರೆ ಆದ ಮೇಲೂ ಬಂದು ನೋಡ್ತೀನಿ" ಎಂದ. "ಬಾ" ಎಂದಳು. "ಬ್ರೆಡ್ಡು ಮಾಡಿರ್ತೀನಿ. ಸಹಿ ಮಾತ್ರ ಕೇಳಬೇಡ."

ಯಂತ್ರ ರಸ್ತೆ ಹತ್ತಿ ಹೋದ ಮೇಲೆ ಮಳೆ ಮತ್ತೆ ಹನಿಯತೊಡಗಿತು. ಅವಳು ಮನೆಗೆ ಹೋಗಲಿಲ್ಲ. ಹೊಸ ದಾರಿಯ ಬಾಯಲ್ಲಿ ಬೇಲಿಯ ಮೂರು ಕಂಬ ಇನ್ನೂ ನಿಂತಿದ್ದವು. ಅವಕ್ಕೆ ಮುಳ್ಳುತಂತಿ, ತಂತಿಗೆ ಕಸ ಸಿಕ್ಕಿ ನೀರಿಗೆ ಅಡ್ಡವಾಗಿತ್ತು. ಅವಳು ನೀರಿಗಿಳಿದು ಮೊದಲನೆಯದನ್ನು ಅಲುಗಾಡಿಸಿ ಕಿತ್ತು ದಡಕ್ಕೆ ಎಸೆದಳು, ಎರಡನೆಯದನ್ನು ಕಿತ್ತಳು. ಮೂರನೆಯದು ಸಡಿಲವಾಗುತ್ತಿರುವಾಗ ಕಾಲಿನ ಹತ್ತಿರ ಏನೋ ಮಿನುಗಿತು. ಹುಲ್ಲಿನ ಮೇಲೆ ಹರಿದು ಬರುತ್ತಿದ್ದ ನೀರು ಅವಳ ಬೂಟಿಗೆ ತಾಗಿ ಎರಡು ಭಾಗವಾಗುತ್ತಿತ್ತು, ಬೂಟಿನ ಹಿಂದೆ ಅಂಗೈಯಷ್ಟು ಜಾಗ ಅಲುಗದೆ ಉಳಿಯುತ್ತಿತ್ತು. ಆ ಅಂಗೈಯಷ್ಟು ಜಾಗದಲ್ಲಿ ಬೆರಳುದ್ದದ್ದು ಒಂದು ಬಂದು ನಿಂತಿತ್ತು, ತಲೆ ನೀರಿನ ಕಡೆಗೆ, ಬಾಲ ಸುಮ್ಮನೆ ಆಡಿಸುತ್ತ. ಅವಳು ಕಂಬ ಬಿಟ್ಟಳು. ಬೂಟಿನೊಳಗೆ ನೀರು ಮಂಜಿನ ಹಾಗೆ ಕೊರೆಯುತ್ತಿತ್ತು, ಎಡ ಮೀನಖಂಡ ಸೆಟೆದುಕೊಳ್ಳತೊಡಗಿತ್ತು.

"ಕಾಫಿ ಕಾಸಿಟ್ಟಿದೀನಿ!" ಆರ್ನೆ ಮೇಲಿನಿಂದ ಕೂಗಿದ. "ನಿನ್ನದೇ ಕಾಫಿ, ನಿನ್ನದೇ ಒಲೆ. ಬರ್ತೀಯೋ ಇಲ್ವೋ?"

"ಕುಡಿದುಬಿಡು."

"ಆರಿಹೋಗುತ್ತೆ ಕಣೆ!"

"ಆರಲಿ" ಎಂದಳು ಲೆಂಪಿ, ಕಾಲು ಕದಲಿಸದೆ. "ನನಗೆ ಇನ್ನೂ ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋ ಕೆಲಸ ಇದೆ."